ನೆಡದೆ ಬಂದ ಗಿಡಗಳು: ಬೀದರ್‌ನ ಜಂಬಿಟ್ಟಿಗೆ ಬಯಲಿನ ಮಳೆಹೊಂಡ, ನನ್ನ ಅನುಭವ

ಮಳೆಹೊಂಡದ ಕಪ್ಪು ರಾಡಿ ಕೆರೆದು ಬಡ ನೆಲದ ಕಾಡುಗಿಡಗಳನ್ನು ವಾಪಸ್ ತರಿಸುವ ಕೆಲಸ ಹಿಡಿದ ಮೂರನೇ ವರ್ಷ, ಹಸ್ತಾ ಮಳೆ ಹೊತ್ತಿಗೆ ಹೊಂಡದ ಅಂಚಿನಲ್ಲಿ ಯುಟ್ರಿಕ್ಯುಲೇರಿಯಾ ಹೂ ಬಿಟ್ಟಿತು. ಹುಳ ಹಿಡಿದು ತಿನ್ನುವ ಈ ಗಿಡ ಗೊಬ್ಬರದ ಮಣ್ಣಿನಲ್ಲಿ ಬಾಳುವುದಿಲ್ಲ, ಹಾಗಾಗಿ ಕೆಲಸ ಕೈಗೂಡಿದ್ದಕ್ಕೆ ಬೇರೆ ಸಾಕ್ಷಿ ಬೇಡ. ‘ಬಂಗಾರದಂಥ ಕರಿಮಣ್ಣು ಕೆರೆದು ಒಗೆದು ಗಿಡ ಬರಲಿ ಅಂತ ಕೂತಿದ್ದಾರೆ’ ಎಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮ ತಗ್ಗು ನೋಡಲು ಕರೆಯುತ್ತಿದ್ದಾರೆ.

ಹೊಂಡ ಇರುವುದು ಬೀದರ್ ಹತ್ತಿರದ ಜಂಬಿಟ್ಟಿಗೆ ಬಯಲಿನಲ್ಲಿ. ಉದ್ದ ಸುಮಾರು 35 ಮೀಟರ್, ಅಗಲ 20. ತುಂಬಿದಾಗ ನಡುವೆ ಮೊಣಕಾಲಿಗಿಂತ ತುಸು ಮೇಲೆ ನೀರು. ಆರಿದ್ರಾಕ್ಕೆ ತುಂಬಿದ್ದು ಸ್ವಾತಿ ಹೊತ್ತಿಗೆ ತಳ ತೋರಿಸುತ್ತದೆ. ಎಮ್ಮೆಗಳ ಸಗಣಿ, ಮೇಲಿನ ಹೊಲದ ಯೂರಿಯಾ ನೀರು ಸೇರಿ ತಳದಲ್ಲಿ ಒಂದು ಗೇಣು ಕಪ್ಪು ರಾಡಿ ಕೂತಿತ್ತು. ಅದರ ಮೇಲೆ ಬೇಷರಂ ಪೊದೆ, ಆಪು ಎಂಬ ಎತ್ತರದ ಜೊಂಡು, ಸುತ್ತ ಬಳ್ಳಾರಿ ಜಾಲಿ.

ಉಪಾಯ ಕಡಲ ಕಡೆಯದು. ನೆದರ್ಲೆಂಡ್ಸ್, ವೇಲ್ಸ್‌ಗಳ ಮರಳುದಿಬ್ಬಗಳ ನಡುವಿನ ತಗ್ಗುಗಳಲ್ಲಿ ಚಳಿಗಾಲಕ್ಕೆ ಅಂತರ್ಜಲ ಮೇಲೆದ್ದು ನಿಲ್ಲುತ್ತದೆ, ಬೇಸಿಗೆಗೆ ಇಳಿಯುತ್ತದೆ. ಅಲ್ಲಿ ಹುಲ್ಲು, ಕುರುಚಲು ಮುತ್ತಿಕೊಂಡರೆ ಮೇಲ್ಮಣ್ಣನ್ನು ಚಾಪೆ ಸುಲಿದಂತೆ ಸುಲಿದು ಬರೀ ಮರಳು ಬಿಡುತ್ತಾರೆ. ವೇಲ್ಸ್‌ನ ಕೆನ್‌ಫಿಗ್‌ನಲ್ಲಿ ಲಿಪಾರಿಸ್ ಆರ್ಕಿಡ್ ಉಳಿಸಲು ಮಾಡಿದ್ದೂ ಇದನ್ನೇ. ನಮ್ಮಲ್ಲಿ ನಿಲ್ಲುವುದು ಗಟ್ಟಿ ಪದರದ ಮೇಲಿನ ಮಳೆನೀರು, ಅಡಿಯಲ್ಲಿರುವುದು ಜಂಬಿಟ್ಟಿಗೆ. ಆದರೂ ಬಡ ನೆಲ, ಏರಿಳಿಯುವ ನೀರು ಎರಡೂ ಕಡೆ ಒಂದೇ.

ಮೊದಲ ವರ್ಷ ಪೂರಾ ನಷ್ಟ. ಜೆಸಿಬಿ ತಾಸಿಗೆ 1,100ರಂತೆ ಹನ್ನೊಂದು ತಾಸು ಓಡಿತು. ತಪ್ಪು ಮೂರಾದವು. ಕೆರೆದ ರಾಡಿಯನ್ನು ದಂಡೆಗೇ ಗುಡ್ಡೆ ಹಾಕಿಸಿದೆ, ಮೃಗಶಿರಾ ಮಳೆಗೆ ಅರ್ಧ ವಾಪಸ್ ಒಳಗೆ ಇಳಿಯಿತು. ಬೇಷರಂ ಕೀಳದೆ ಯಂತ್ರ ಹತ್ತಿಸಿದೆ, ಕಡ್ಡಿ ತುಂಡುಗಳೆಲ್ಲ ಬೇರು ಬಿಟ್ಟು ಒಂದಿದ್ದದ್ದು ಹತ್ತಾಯಿತು. ದೊಡ್ಡ ತಪ್ಪು ಮೂರನೆಯದು: ಬಕೆಟ್ಟಿನ ಹಲ್ಲು ಒಂದು ಕಡೆ ಗಟ್ಟಿ ಪದರವನ್ನೇ ಸೀಳಿತು. ತುಂಬಿದ ಹೊಂಡ ನಾಲ್ಕೇ ದಿನಕ್ಕೆ ಖಾಲಿ.

ಸೀಳಿಗೆ ಎರೆಮಣ್ಣು ತುಂಬಿದೆ. ಬೇಸಿಗೆಯಲ್ಲಿ ಅದು ಬಿರಿಯುತ್ತದೆ, ಮೊದಲ ಮಳೆ ಬಿರುಕಿನಲ್ಲೇ ಇಳಿದುಹೋಗುತ್ತದೆ, ಮಣ್ಣು ಉಬ್ಬಿ ಮುಚ್ಚಿಕೊಳ್ಳುವಷ್ಟರಲ್ಲಿ ಎರಡು ವಾರ ಹೋಗಿರುತ್ತದೆ. ಆಮೇಲೆ ಜಂಬಿಟ್ಟಿಗೆ ಪುಡಿ, ಎರೆಮಣ್ಣು, ಇನ್ನೊಂದು ವಸ್ತು ಕಲಸಿ ಎಮ್ಮೆ ತುಳಿಸಿದ ಮೇಲೆ ನಿಂತಿತು. ಆ ಇನ್ನೊಂದು ಯಾವುದು, ಅಳತೆ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಬೇಸಿಗೆ ಪೂರ್ತಿ ಅದಕ್ಕೇ ಹೋಗಿದೆ.

ಎರಡನೇ ವರ್ಷ ಕ್ರಮ ಬದಲಾಯಿತು. ಬೇಷರಂ ಅನ್ನು ಮೇ ತಿಂಗಳಲ್ಲಿ ಬೇರು ಸಮೇತ ಕೈಯಿಂದ ಕಿತ್ತು ಬಂಡೆ ಮೇಲೆ ಒಣಗಿಸಬೇಕು, ನೆಲದ ಮೇಲೆ ಬಿಟ್ಟರೆ ಚಿಗುರುತ್ತದೆ. ಆಪನ್ನು ಮಳೆಗೆ ಮುಂಚೆ ಬುಡಕ್ಕೆ ಕತ್ತರಿಸಬೇಕು. ಮೋಟು ನೀರಿನಡಿ ಮುಳುಗಿದರೆ ಗಾಳಿ ಸಿಗದೆ ಕೊಳೆಯುತ್ತದೆ, ನಾಲ್ಕು ಬೆರಳು ಮೇಲೆ ಉಳಿದರೂ ಕೂಲಿ ದಂಡ. ಬಕೆಟ್ಟಿನ ಹಲ್ಲಿಗೆ ಚಪ್ಪಟೆ ಪಟ್ಟಿ ಬೆಸುಗೆ ಹಾಕಿಸಿದ್ದಕ್ಕೆ 900 ರೂಪಾಯಿ. ರಾಡಿ ಪೂರ್ತಿ ಒಣಗಿ ಹಪ್ಪಳದಂತೆ ಎದ್ದಾಗಲೇ ಕೆರೆಯಬೇಕು. ಆಗ ಜಂಬಿಟ್ಟಿಗೆಯಿಂದ ತಾನೇ ಬಿಡುತ್ತದೆ, ಅಂಚಿಗೆ ಸಲಿಕೆಯೇ ಸಾಕು. ಕೆಂಪು ಗರಸು ಕಂಡ ಕೂಡಲೇ ನಿಲ್ಲಿಸಿ. ಮಣ್ಣನ್ನು ರೈತರು ಟ್ರಾಲಿ ತಂದು ತಾವೇ ಒಯ್ದರು, ನಲವತ್ತರ ಮೇಲೆ ಹೋಯಿತು. ಮೊದಲ ವರ್ಷವೇ ಕರೆದಿದ್ದರೆ ಎಂಟು ಸಾವಿರ ಉಳಿಯುತ್ತಿತ್ತು. ಒಟ್ಟು ಖರ್ಚು 42 ಸಾವಿರದ ಆಸುಪಾಸು.

ಸಸಿ ತರಲಿಲ್ಲ, ಬೀಜವಿರುವ ಮಣ್ಣನ್ನೇ ತಂದೆ. ಏಪ್ರಿಲ್ ಕೊನೆಗೆ ಸುತ್ತಲಿನ ಒಂಬತ್ತು ಚೊಕ್ಕ ಹೊಂಡಗಳ ಒಣ ತಳದಿಂದ ಅರ್ಧ ಇಂಚು ಮೇಲ್ಮಣ್ಣು ಮಾತ್ರ, ಅಲ್ಲಲ್ಲಿ ಅಂಗೈ ಅಗಲದಂತೆ. ಒಟ್ಟು ಹದಿನಾಲ್ಕು ಗೋಣಿ ಚೀಲ. ಪ್ಲಾಸ್ಟಿಕ್ ಚೀಲದಲ್ಲಿ ಬೆವರು ಕಟ್ಟಿ ಬೂಸ್ಟು ಹಿಡಿಯುತ್ತದೆ. ಕಾಂಗ್ರೆಸ್ ಗಿಡ ಇದ್ದಲ್ಲಿಂದ ಹಿಡಿ ಮಣ್ಣೂ ಬೇಡ. ಮನೆಯಲ್ಲಿ ಆರು ಟಬ್ಬಿನಲ್ಲಿ ಇದೇ ಮಣ್ಣು ಹಾಕಿ ನೋಡಿದೆ: ಮೂರರಲ್ಲಿ ನೀರು ನಿಲ್ಲಿಸಿದ್ದು, ಮೂರು ಬರೀ ಹಸಿ. ಹಸಿ ಟಬ್ಬಿನಲ್ಲಿ ಹುಟ್ಟಿದ ಜಾತಿ ಹೆಚ್ಚುಕಡಿಮೆ ಎರಡು ಪಟ್ಟು. ಅದಕ್ಕೇ ಒಂಬತ್ತು ಚೀಲ ಅಂಚಿನ ಉಂಗುರಕ್ಕೆ, ಐದು ಮಾತ್ರ ನಡುವಿಗೆ.

ಮಾರ್ಸಿಲಿಯಾ ಎಂಬ ನಾಲ್ಕೆಲೆಯ ನೀರು ಜರಿಗಿಡದ ಕಾಳಿನಂಥ ಬೀಜಾಣುಕೋಶ ಹಾಗೇ ಬಿಟ್ಟರೆ ವರ್ಷಗಟ್ಟಲೆ ಮಲಗಿರುತ್ತದೆ. ಮರಳು ಕಾಗದಕ್ಕೆ ಒಂದು ಮಗ್ಗುಲು ಉಜ್ಜಿ ಲೋಟದ ನೀರಿಗೆ ಹಾಕಿ. ಸ್ವಲ್ಪ ಹೊತ್ತಿಗೆ ಲೋಳೆಯ ಎಳೆ ಹೊರಬರುತ್ತದೆ. ಹೊಂಡಕ್ಕೆ ಇದರಿಂದ ದೊಡ್ಡ ಉಪಯೋಗವಿಲ್ಲ, ಮಕ್ಕಳಿಗೆ ತೋರಿಸಲು ಚಂದ.

ಈಗಿನ ಸಾಲು ಹೀಗಿದೆ. ನಡುವೆ ಅಪೋನೊಜೆಟಾನ್ ಎಂಬ ನೀರುಗಿಡ, ಮೊಣಕಾಲಿನೊಳಗೆ ಮಾರ್ಸಿಲಿಯಾ, ಪಾದ ಮುಳುಗುವಲ್ಲಿ ಎರಿಯೋಕೌಲಾನ್‌ನ ಅಂಗಿ ಗುಂಡಿಯಂಥ ಬಿಳಿ ಹೂಗಳು, ಅದರಾಚೆ ಯುಟ್ರಿಕ್ಯುಲೇರಿಯಾ, ಸಣ್ಣ ಜೇಕು. ಸಾಲಿನಿಂದ ಸಾಲಿಗೆ ಎತ್ತರದ ವ್ಯತ್ಯಾಸ ನಾಲ್ಕೈದು ಇಂಚು, ಅಷ್ಟೇ. ರಾಡಿ ಉಳಿದ ಮೂಲೆಯಲ್ಲಿ ಮಾತ್ರ ತಾಲಮಖಾನಾ ಎಂಬ ಮುಳ್ಳುಗಿಡ. ನೀರಿಳಿದ ಮೇಲೆ ನೆಲಕ್ಕೆ ಹಬ್ಬುವ ಗ್ಲೈನಸ್, ಕೋಲ್ಡೇನಿಯಾ.

ಬೇಲಿ ಹಾಕಿ ಎಂದವರೇ ಹೆಚ್ಚು. ಅರ್ಧಕ್ಕೆ ಹಾಕಿದೆ. ಒಂದೇ ವರ್ಷಕ್ಕೆ ಒಳಗೆ ಕರಿಕೆ ಹುಲ್ಲು ದಟ್ಟೈಸಿ ಎರಿಯೋಕೌಲಾನ್ ಮುಚ್ಚಿಹೋಯಿತು. ಬೇಲಿ ಕಿತ್ತೆ, ತಂತಿಯ ದುಡ್ಡು ಹೋಯಿತು. ದನ ಮೇಯಲಿ, ಎಮ್ಮೆ ದಿನವಿಡೀ ಕೂರದಿರಲಿ. ಆಳವಾಗಿ ತೋಡಿ ಎಂಬ ಸಲಹೆಯೂ ಬಂತು. ಬೇಸಿಗೆಯಲ್ಲೂ ನೀರುಳಿದರೆ ಮೀನು ಬಿಡುವವರು ಬರುತ್ತಾರೆ, ಆಪು ಮತ್ತೆ ಕಾಯಂ ಆಗುತ್ತದೆ.

ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯ ಹಳೆ ಹಾಸುಗಲ್ಲು ಗಣಿಗೂ ಇಂಥದೇ ಮಣ್ಣು ಬೇರೆ ಎರಡು ಚೀಲ ಹಾಕಿ ನೋಡಿದ್ದೆ. ಎರಿಯೋಕೌಲಾನ್ ಒಂದೂ ಏಳಲಿಲ್ಲ. ಅಲ್ಲಿಯದು ಸುಣ್ಣದ ಕಲ್ಲು, ಈ ಗಿಡಕ್ಕೆ ಹುಳಿ (ಆಮ್ಲೀಯ) ನೀರು ಬೇಕು. ಬದಲಿಗೆ ಕಾರಾ ಪಾಚಿ ತುಂಬಿತ್ತು, ಮೈಗೆಲ್ಲ ಸುಣ್ಣ ಮೆತ್ತಿಕೊಂಡು, ಹಿಸುಕಿದರೆ ಬೆಳ್ಳುಳ್ಳಿ ವಾಸನೆ. ಚಿಪ್ಪಿನ ಪುಡಿ ಬೆರೆತ ಕಡಲ ದಿಬ್ಬದ ಹೊಂಡಗಳಿಗೆ ನಿಜವಾದ ನೆಂಟ ನಮ್ಮ ಬೀದರ್ ಬಯಲಲ್ಲ, ಈ ಗಣಿಗಳು. ಅಲ್ಲಿಗೆ ಬೀಜದ ಮಣ್ಣು ಒಯ್ಯುವುದಾದರೆ ಸುಣ್ಣದ ನೆಲದ ಹೊಂಡದಿಂದಲೇ ಒಯ್ಯಬೇಕು. ಮುಂದಿನ ಏಪ್ರಿಲ್‌ಗೆ ಚಿತ್ತಾಪುರ ಕಡೆಯಿಂದ ನಾಲ್ಕು ಚೀಲ ತುಂಬುತ್ತೇನೆ.