ಲಕ್ಷಗಟ್ಟಲೆ ಸುರಿಯುವ ಮುನ್ನ ಒಂದು ವಾರ ಗಡಿಯಾರ ನೋಡಿ

ವರ್ಕ್‌ಸ್ಟೇಷನ್ (ಭಾರದ ಕೆಲಸಕ್ಕೆಂದೇ ಕಟ್ಟಿದ ದುಬಾರಿ ಕಂಪ್ಯೂಟರ್) ಬೇಕೇ ಬೇಡವೇ ಎಂಬುದನ್ನು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ತೀರ್ಮಾನಿಸಬೇಡಿ. ಅಲ್ಲಿ ಎಲ್ಲವೂ ಬೇಕೆನಿಸುತ್ತದೆ. ಡೊಂಬಿವಲಿಯ ಮನೆಯಲ್ಲೇ ಕುಳಿತು ಕಟ್ಟಡಗಳ ತ್ರೀಡಿ ಚಿತ್ರ ಮಾಡಿಕೊಡುವ ನಾನು ಹಿಂದೊಮ್ಮೆ ಹಾಗೆಯೇ 32 ಕೋರ್‌ಗಳ (ಪ್ರೊಸೆಸರ್‌ನೊಳಗೆ ಬೇರೆಬೇರೆಯಾಗಿ ದುಡಿಯುವ ಘಟಕಗಳು) ಯಂತ್ರ ಕೊಂಡು, ಟ್ಯಾಕ್ಸಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವನು.

ಮರುದಿನ ಮಾಡೆಲ್ ತಿರುಗಿಸಿದರೆ ಹಳೆಯ ತಡವರಿಕೆಯೇ. ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು ಬಳಕೆ ಬರೀ ಶೇ. 3. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ 'ಲಾಜಿಕಲ್ ಪ್ರೊಸೆಸರ್ಸ್' ಆರಿಸಿದಾಗ ಕೋರ್‌ಗೆ ಎರಡರಂತೆ 64 ಚೌಕಗಳು ಕಂಡವು. ಒಂದರಲ್ಲಿ ಗೆರೆ ನೆತ್ತಿಗೇರಿತ್ತು, ಉಳಿದವು ಮಲಗಿದ್ದವು. ಮದುವೆಯ ಅಡುಗೆಗೆ 32 ಭಟ್ಟರನ್ನು ಕರೆಸಿ ಒಂದೇ ಒಲೆ ಹೊತ್ತಿಸಿದಂತೆ! ಹತ್ತು ನಿಮಿಷದ ಕೆಲಸದಲ್ಲಿ ನಾಲ್ಕು ನಿಮಿಷ ಒಂದೇ ಕೋರ್‌ನಲ್ಲಿ ನಡೆಯುವಂಥದ್ದಾದರೆ, ಎಷ್ಟು ಕೋರ್ ಪೇರಿಸಿದರೂ ಆ ನಾಲ್ಕು ನಿಮಿಷ ಕರಗುವುದಿಲ್ಲ.

ಆದ್ದರಿಂದ ಈಗಿರುವ ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಕೈಕಟ್ಟಿ ಕಾದ ಪ್ರತಿ ಸಲವೂ ಎಷ್ಟು ನಿಮಿಷ, ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವುದು ತುಂಬಿತ್ತು ಎಂದು ಬರೆಯಿರಿ. ನನ್ನದೊಂದು ಮಂಗಳವಾರ ಹೀಗಿತ್ತು: ಫೈಲ್ ತೆರೆಯಲು 4 ನಿಮಿಷ, ಪರೀಕ್ಷಾ ರೆಂಡರ್ (ಮಾಡೆಲ್‌ನಿಂದ ಚಿತ್ರ ತೆಗೆಯುವುದು) 11 ಸಲ, ತಲಾ 6 ನಿಮಿಷ, ಅಂತಿಮ ರೆಂಡರ್ ರಾತ್ರಿಯಿಡೀ. ರಾತ್ರಿಯದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ನೀವು ನಿದ್ದೆಯಲ್ಲಿರುತ್ತೀರಿ. ನನ್ನನ್ನು ತಿಂದದ್ದು ಆ 66 ನಿಮಿಷ. ನನ್ನ ರೆಂಡರ್ ನಡೆಯುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಹಾಗಾಗಿ ಅದಕ್ಕೆ ಮದ್ದು ಒಳ್ಳೆಯ ಕಾರ್ಡ್, ಹೆಚ್ಚಿನ ಕೋರ್‌ಗಳಲ್ಲ.

ರ‍್ಯಾಮ್ ತುಂಬಿ ಡಿಸ್ಕ್ ಒದ್ದಾಡುತ್ತಿದ್ದರೆ ರ‍್ಯಾಮ್ ಸೇರಿಸಿ, ಅಷ್ಟೇ. ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯ ವಿಷಯ ಬೇರೆ: ಎನ್ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡ್‌ನಲ್ಲಿ 24 ಜಿಬಿ ಇದೆ. ನಿಮ್ಮ ದೃಶ್ಯ ಅದರಲ್ಲಿ ಹಿಡಿಸದಿದ್ದರೆ ಮಾತ್ರ 48 ಜಿಬಿಯ ಆರ್‌ಟಿಎಕ್ಸ್ 6000 ಅಡಾದ ಬೆಲೆಗೆ ಅರ್ಥವಿದೆ. ದಿನಗಟ್ಟಲೆ ನಡೆಯುವ ಸಿಮ್ಯುಲೇಷನ್‌ನವರಿಗೆ ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ಮೆಮೊರಿ ಬೇಕು. ನನ್ನ ಚಿತ್ರದಲ್ಲಿ ಒಂದು ಚುಕ್ಕಿ ಬಣ್ಣಗೆಟ್ಟರೆ ಬಿಲ್ಡರ್‌ಗೆ ಗೊತ್ತೂ ಆಗುವುದಿಲ್ಲ.

ಅಂಗಡಿಯವರು ಹೇಳದ ಖರ್ಚು ಇನ್ನೊಂದಿದೆ. 350 ವ್ಯಾಟ್‌ನ ಪ್ರೊಸೆಸರ್, 450 ವ್ಯಾಟ್‌ನ ಕಾರ್ಡ್, ಉಳಿದದ್ದೂ ಸೇರಿ 900 ಎನ್ನಿ. ಹತ್ತು ಗಂಟೆ ಓಡಿದರೆ 9 ಯೂನಿಟ್. ಅಷ್ಟೂ ಶಾಖವಾಗಿ ಅದೇ ಕೋಣೆಗೆ ಇಳಿಯುತ್ತದೆ. ಮೇ ತಿಂಗಳ ಡೊಂಬಿವಲಿಯಲ್ಲಿ ಅದನ್ನು ಹೊರಹಾಕಲು ಎಸಿ ಓಡಬೇಕು. ಮನೆಯಲ್ಲಿರುವ 600 ವಿಎ ಯುಪಿಎಸ್ ಇದನ್ನು ಹೊರಲಾರದು. ನನ್ನದು ಒಮ್ಮೆ ಕಿರುಚಿ, ರೆಂಡರ್ ಸಮೇತ ಸತ್ತಿತು.

ಈಗ ನನ್ನ ಮೇಜಿನ ಕೆಳಗಿರುವುದು 16 ಕೋರ್, 128 ಜಿಬಿ ರ‍್ಯಾಮ್, 24 ಜಿಬಿ ಕಾರ್ಡ್. ವರ್ಕ್‌ಸ್ಟೇಷನ್ ಎಂಬ ಬಿರುದು ಅದಕ್ಕಿಲ್ಲ. ನಿಮ್ಮ ನೋಟ್‌ಬುಕ್ ಅದಕ್ಕಿಂತ ದೊಡ್ಡದನ್ನೇ ಕೇಳಿದರೆ ಹಿಂಜರಿಯಬೇಡಿ. ನಿಮ್ಮದೇ ಅತಿ ಭಾರದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಇದನ್ನು ಓಡಿಸಿ ತೋರಿಸಿ ಎನ್ನಿ. ಒಪ್ಪದಿದ್ದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ.