ಶೀಘ್ರ ಸ್ಖಲನ: ಮಾತ್ರೆಗೆ ಮೊದಲು ಮಾಡಬೇಕಾದದ್ದು

ಶೀಘ್ರ ಸ್ಖಲನದ ಚಿಂತೆಗೆ ಬಿದ್ದ ಗಂಡಸು ಔಷಧ ಹುಡುಕುವುದಕ್ಕಿಂತ ಮೊದಲು, ತನಗೆ ಆ ತೊಂದರೆ ನಿಜವಾಗಿಯೂ ಇದೆಯೇ ಎಂದು ನೋಡಿಕೊಳ್ಳಬೇಕು. ಗೆಳೆಯರ ಹರಟೆಯಲ್ಲಿಯೂ ಮೊಬೈಲಿನ ವಿಡಿಯೊಗಳಲ್ಲಿಯೂ ಕೇಳಿಬರುವ ‘ಅರ್ಧ ತಾಸು’ ಎಂಬ ಲೆಕ್ಕಕ್ಕೆ ಆಧಾರವಿಲ್ಲ. ಐದು ದೇಶಗಳ ಸುಮಾರು 500 ದಂಪತಿಗಳು ಸ್ಟಾಪ್‌ವಾಚ್ ಹಿಡಿದು ಅಳೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋನಿಪ್ರವೇಶದಿಂದ ಸ್ಖಲನದವರೆಗಿನ ಮಧ್ಯಾಂಕ ಅವಧಿ 5.4 ನಿಮಿಷವಾಗಿತ್ತು. ನಾಲ್ಕೈದು ನಿಮಿಷ ತಡೆಯಬಲ್ಲವನಿಗೆ ಇರುವುದು ರೋಗವಲ್ಲ, ತಪ್ಪು ನಿರೀಕ್ಷೆ.

ವೈದ್ಯರು ಈ ತೊಂದರೆಯನ್ನು ಗುರುತಿಸುವಾಗ ಮೂರು ಸಂಗತಿಗಳನ್ನು ಒಟ್ಟಿಗೆ ನೋಡುತ್ತಾರೆ: ಸಮಯ ತೀರ ಕಡಿಮೆ ಇರುವುದು, ತಡೆಯಲು ಬಯಸಿದರೂ ತಡೆಯಲಾಗದಿರುವುದು, ಅದರಿಂದ ಮನಸ್ಸಿಗೋ ದಾಂಪತ್ಯಕ್ಕೋ ಸಂಕಟವಾಗುತ್ತಿರುವುದು. ಮೊದಲ ಲೈಂಗಿಕ ಅನುಭವದಿಂದಲೂ ಹೆಚ್ಚುಕಡಿಮೆ ಪ್ರತಿ ಸಲ ಸುಮಾರು ಒಂದು ನಿಮಿಷದೊಳಗೆ ಸ್ಖಲನವಾಗುತ್ತಿದ್ದರೆ ಅದು ಆಜೀವ ಬಗೆ. ಮೊದಲು ಸರಿಯಾಗಿದ್ದು, ಈಚೆಗೆ ಮೂರು ನಿಮಿಷಕ್ಕೋ ಅದಕ್ಕಿಂತ ಕೆಳಗೋ ಇಳಿದಿದ್ದರೆ ಅದು ನಡುವೆ ಬಂದ ಬಗೆ. ಈ ಎರಡನೆಯದಕ್ಕೆ ಹಿಂದೆ ಬೇರೆ ಕಾರಣ ಇರುವುದುಂಟು. ಥೈರಾಯ್ಡ್ ಹೆಚ್ಚಾಗಿರಬಹುದು, ಪ್ರಾಸ್ಟೇಟ್ ಗ್ರಂಥಿಗೆ ಉರಿಯೂತ ಆಗಿರಬಹುದು, ನಿಮಿರುವಿಕೆಯೇ ದುರ್ಬಲವಾಗಿದ್ದು ‘ಅದು ಇಳಿಯುವ ಮೊದಲು ಮುಗಿಸಿಬಿಡೋಣ’ ಎಂಬ ಅವಸರ ಹುಟ್ಟಿರಬಹುದು. ಅಂಥವರಿಗೆ ಮೂಲದ ತೊಂದರೆಗೆ ಚಿಕಿತ್ಸೆಯಾದರೆ ಸಮಯವೂ ಹಲವು ಸಲ ತಾನಾಗಿ ಸುಧಾರಿಸುತ್ತದೆ. ಮದುವೆಯಾದ ಹೊಸತರಲ್ಲಿ, ಅಥವಾ ಬಹಳ ದಿನ ಊರು ಬಿಟ್ಟಿದ್ದು ಮನೆಗೆ ಬಂದಾಗ, ಒಂದೆರಡು ಸಲ ಬೇಗ ಆಗುವುದು ಸಹಜ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಹಿಂದೆ ಮಾಡಿಕೊಂಡ ಹಸ್ತಮೈಥುನದಿಂದ ‘ಧಾತು ನಷ್ಟ’ವಾಗಿ ಹೀಗಾಯಿತೆಂಬ ಭಯಕ್ಕೂ ವೈದ್ಯಶಾಸ್ತ್ರದಲ್ಲಿ ಬುಡವಿಲ್ಲ.

ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವಿದೆ, ಅದು ಮನೆಯ ರಚನೆ. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿಯೂ ಹಳ್ಳಿಯ ಮನೆಗಳಲ್ಲಿಯೂ ಪಡಸಾಲೆಯಲ್ಲಿ ಹಿರಿಯರು ಮಲಗಿರುತ್ತಾರೆ, ಒಳಕೋಣೆಯ ಬಾಗಿಲಿಗೆ ಚಿಲಕ ಸರಿಯಾಗಿ ಬೀಳುವುದಿಲ್ಲ, ಮಂಚ ಕಿರುಗುಟ್ಟಿದರೂ ಗಂಡ ಹೆಂಡತಿ ಉಸಿರು ಹಿಡಿಯುತ್ತಾರೆ. ವರ್ಷಗಟ್ಟಲೆ ಹೀಗೆ ಅವಸರದಲ್ಲಿಯೇ ಕೂಡಿದವನಿಗೆ ನಿಧಾನಿಸುವ ರೂಢಿ ಎಲ್ಲಿಂದ ಬರಬೇಕು? ಹಾಸಿಗೆಯನ್ನು ಮಂಚದಿಂದ ನೆಲಕ್ಕೆ ಇಳಿಸುವುದು, ಚಿಲಕ ರಿಪೇರಿ ಮಾಡಿಸುವುದು, ಮಕ್ಕಳನ್ನು ವಾರದಲ್ಲಿ ಒಂದು ರಾತ್ರಿ ಅಜ್ಜಿಯ ಹತ್ತಿರ ಮಲಗಿಸುವುದು ಚಿಕಿತ್ಸೆಯೆಂದು ಯಾವ ಚೀಟಿಯಲ್ಲಿಯೂ ಬರೆದಿರುವುದಿಲ್ಲ. ಆದರೆ ಮುಂದೆ ಹೇಳುವ ಅಭ್ಯಾಸಗಳಿಗೆ ಇಷ್ಟು ಏಕಾಂತವಾದರೂ ಬೇಕೇಬೇಕು.

ಅಭ್ಯಾಸಗಳಲ್ಲಿ ಮುಖ್ಯವಾದದ್ದು ಅಮೆರಿಕದ ವೈದ್ಯ ಜೇಮ್ಸ್ ಸೀಮನ್ಸ್ 1956ರಲ್ಲಿ ವಿವರಿಸಿದ ‘ನಿಲ್ಲಿಸಿ–ಮುಂದುವರಿಸುವ’ ಕ್ರಮ. ಸ್ಖಲನಕ್ಕೆ ಮುಂಚೆ, ಇನ್ನು ಹಿಂತಿರುಗಲಾಗದು ಎನ್ನುವ ಒಂದು ಘಟ್ಟ ಬರುತ್ತದೆ. ಅದನ್ನು ದಾಟಿದ ಮೇಲೆ ತಡೆಯಲು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ಅದಕ್ಕಿಂತ ಮೊದಲಿನ ಸೂಚನೆಗಳನ್ನು ದೇಹದಲ್ಲಿ ಗುರುತಿಸಲು ಕಲಿಯುವುದೇ ಇಲ್ಲಿನ ಪಾಠ. ಮೊದಲು ಒಬ್ಬರೇ, ಒಣಗೈಯಿಂದ ಉದ್ರೇಕಿಸಿಕೊಂಡು, ಆ ಘಟ್ಟ ಹತ್ತಿರವಾಯಿತೆನ್ನಿಸಿದೊಡನೆ ಕೈ ತೆಗೆದು, ತುರ್ತು ಇಳಿಯುವವರೆಗೆ ಅರ್ಧ ನಿಮಿಷದಷ್ಟು ಸುಮ್ಮನಿದ್ದು, ಮತ್ತೆ ಆರಂಭಿಸಬೇಕು. ಮೂರು ಸಲ ಹೀಗೆ ನಿಲ್ಲಿಸಿ ನಾಲ್ಕನೆಯ ಸಲ ಸ್ಖಲನಕ್ಕೆ ಬಿಡಬೇಕು. ಇದು ಕೈಗೆ ಬಂದ ಮೇಲೆ ಜಾರುವ ಜೆಲ್ ಬಳಸಿ ಮಾಡಬೇಕು. ಆಮೇಲೆ ಹೆಂಡತಿಯ ಕೈಯಿಂದ, ಕಡೆಗೆ ಹೆಂಡತಿ ಮೇಲಿದ್ದು, ಒಳಗೆ ಸೇರಿದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಅಲುಗಾಡದೆ ಇದ್ದು, ನಿಧಾನವಾಗಿ ಚಲನೆ ಸೇರಿಸಬೇಕು. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹೋಗುವವರೇ ಹೆಚ್ಚಾಗಿ ‘ಇದರಿಂದ ಉಪಯೋಗವಾಗಲಿಲ್ಲ’ ಎನ್ನುತ್ತಾರೆ. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆಯನ್ನು ಹಚ್ಚಬಾರದು, ಎಣ್ಣೆಯಿಂದ ಅದರ ರಬ್ಬರು ಹಾಳಾಗಿ ಹರಿಯುತ್ತದೆ. ನೀರಿನಾಧಾರದ ಜೆಲ್ ಔಷಧ ಅಂಗಡಿಯಲ್ಲಿ ಸಿಗುತ್ತದೆ.

ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪರಿಚಯಿಸಿದ ಇನ್ನೊಂದು ಕ್ರಮದಲ್ಲಿ, ನಿಲ್ಲಿಸುವುದರ ಜೊತೆಗೆ ಶಿಶ್ನದ ತುದಿಯ ಕೆಳಭಾಗವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಕೆಲವು ಸೆಕೆಂಡು, ನೋವಾಗದಂತೆ ಒತ್ತಿ ಹಿಡಿಯುತ್ತಾರೆ. ಮೂತ್ರವನ್ನು ನಡುವೆ ತಡೆಯುವ ಸ್ನಾಯುಗಳನ್ನು ದಿನಕ್ಕೆ ಮೂರು ಸಲ, ಪ್ರತಿ ಸಲ ಹತ್ತರಂತೆ ಬಿಗಿಹಿಡಿದು ಸಡಿಲಿಸುವ ವ್ಯಾಯಾಮವೂ ಕೆಲವರಿಗೆ ನೆರವಾಗುತ್ತದೆ, ಆದರೆ ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಸ್ನಾಯುವನ್ನು ಗುರುತಿಸಲಷ್ಟೇ ಮೂತ್ರ ತಡೆದು ನೋಡಬೇಕು, ದಿನಾ ಹಾಗೆ ಮಾಡಬಾರದು.

ಆಜೀವ ಬಗೆಯವರಿಗೆ ಅಭ್ಯಾಸವೊಂದೇ ಅನೇಕ ಸಲ ಸಾಲದು, ಅವರು ಔಷಧಕ್ಕೆ ಹಿಂಜರಿಯಬೇಕಾಗಿಲ್ಲ. ಲಿಡೊಕೇನ್–ಪ್ರಿಲೊಕೇನ್ ಇರುವ ಮುಲಾಮನ್ನು ಇಪ್ಪತ್ತು ಮೂವತ್ತು ನಿಮಿಷ ಮೊದಲು ತುದಿಗೆ ತೆಳ್ಳಗೆ ಹಚ್ಚಿದರೆ ಸಂವೇದನೆ ಕಡಿಮೆಯಾಗುತ್ತದೆ. ಕೂಡುವ ಮೊದಲು ಅದನ್ನು ತೊಳೆಯಬೇಕು ಅಥವಾ ಕಾಂಡೋಮ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹೆಂಡತಿಗೂ ಮರಗಟ್ಟುತ್ತದೆ. ಡಪಾಕ್ಸೆಟಿನ್ ಎಂಬ ಮಾತ್ರೆಯನ್ನು ಸಾಮಾನ್ಯವಾಗಿ 30 ಮಿಲಿಗ್ರಾಂನಿಂದ ಆರಂಭಿಸಿ, ಬೇಕಾದ ದಿನ ಮಾತ್ರ, ಒಂದರಿಂದ ಮೂರು ತಾಸು ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ವಾಕರಿಕೆ, ತಲೆಸುತ್ತು, ಒಮ್ಮೊಮ್ಮೆ ಎಚ್ಚರ ತಪ್ಪುವುದು ಅದರ ಅಡ್ಡ ಪರಿಣಾಮಗಳು. ಮದ್ಯದ ಜೊತೆಗೆ ಅದು ಸಲ್ಲದು. ಹೃದಯದ ತೊಂದರೆ ಇರುವವರೂ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಅಂಗಡಿಯಿಂದ ನೇರವಾಗಿ ತಂದು ನುಂಗಲೇಬಾರದು. ಟ್ರಮಡಾಲ್ ನೋವಿನ ಮಾತ್ರೆಯನ್ನು ಇದಕ್ಕಾಗಿ ಒಬ್ಬರಿಂದೊಬ್ಬರು ಪಡೆದು ನುಂಗುವವರಿದ್ದಾರೆ, ಅದು ಚಟ ಹಿಡಿಸುವ ಔಷಧ.

ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಗೆ ಅಂಟಿಸಿದ ‘ಗುಪ್ತರೋಗ’ದ ಚೀಟಿಗಳನ್ನೂ ರಸ್ತೆಬದಿ ಡೇರೆ ಹಾಕಿದ ಜಡಿಬೂಟಿಯವರನ್ನೂ ನಂಬಿ ಹಣ ಕಳೆದುಕೊಳ್ಳಬೇಡಿ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುವೆವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಇಂಥ ಪುಡಿಗಳಲ್ಲಿ ನಿಮಿರುವಿಕೆಯ ಔಷಧವಾದ ಸಿಲ್ಡೆನಾಫಿಲ್ ಕದ್ದು ಬೆರೆಸಿರುವುದು ತಪಾಸಣೆಗಳಲ್ಲಿ ಕಂಡುಬಂದಿದ್ದು, ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಪ್ರಾಣಕ್ಕೇ ಕುತ್ತು.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆಲ್ಲ ಸರಕಾರಿ ದವಾಖಾನೆಗಳೇ. ಡಿಮ್ಹಾನ್ಸ್ ಎಂದೊಡನೆ ‘ಹುಚ್ಚರ ದವಾಖಾನೆ’ ಎಂದು ಅಳುಕುವವರು ಇಂದಿಗೂ ಇದ್ದಾರೆ, ಆದರೆ ಆತಂಕದಿಂದ ಹುಟ್ಟಿದ ಶೀಘ್ರ ಸ್ಖಲನಕ್ಕೆ ಮನೋವೈದ್ಯರೇ ಸರಿಯಾದವರು. ಹೋಗಲು ತೀರ ಸಂಕೋಚವಾದರೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಕನ್ನಡದಲ್ಲಿಯೇ ಆಪ್ತಸಲಹೆ ಪಡೆಯಬಹುದು. ವೈದ್ಯರ ಮುಂದೆ ‘ಸುಸ್ತು’, ‘ವೀಕ್‌ನೆಸ್’ ಎಂದು ಸುತ್ತಿ ಬಳಸಿ ಹೇಳಿದರೆ ಟಾನಿಕ್ ಬರೆದುಕೊಡುತ್ತಾರೆ. ‘ಸರ್ರ, ಹೆಂಡತಿ ಜೋಡಿ ಕೂಡಿದಾಗ ಭಾಳ ಬ್ಯಾಗ ಆಗಿಬಿಡತೈತ್ರಿ, ತಡ್ಯಾಕ ಆಗೂದಿಲ್ರಿ’ ಎಂದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ. ಎಂದಿನಿಂದ ಹೀಗಾಗುತ್ತಿದೆ, ನಿಮಿರುವಿಕೆ ಸರಿಯಿದೆಯೇ, ಸಕ್ಕರೆ ಕಾಯಿಲೆಯ ಅಥವಾ ಬಿ.ಪಿ.ಯ ಯಾವ ಮಾತ್ರೆಗಳು ನಡೆಯುತ್ತಿವೆ ಎಂಬುದನ್ನು ಮೊದಲೇ ಯೋಚಿಸಿಕೊಂಡು ಹೋಗಿ. ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಅದನ್ನೂ ಹೇಳಿ, ಏಕೆಂದರೆ ಈ ತೊಂದರೆಗೆ ವೈದ್ಯರು ಕೆಲವೊಮ್ಮೆ ಕೊಡುವ ಪ್ಯಾರಾಕ್ಸೆಟಿನ್‌ನಂಥ ದಿನನಿತ್ಯದ ಮಾತ್ರೆಗಳು ವೀರ್ಯಾಣುಗಳ ಗುಣಮಟ್ಟದ ಮೇಲೆ ಪರಿಣಾಮ ಬೀರಬಹುದು. ಅವುಗಳ ಫಲ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಗುಣವಾಯಿತೆಂದು ನಿಮ್ಮಷ್ಟಕ್ಕೆ ಒಮ್ಮೆಲೇ ಬಿಡದೆ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.