ಶ್ವಾಸಕೋಶ ಮತ್ತು ಊಟ: ಇಬ್ಬರಿಗೆ ಎರಡು ಚೀಟಿ

ನಾನು ಶ್ವಾಸಕೋಶದ ವಿಭಾಗದಲ್ಲಿ ಡಯಟೀಷಿಯನ್. ಸಿಒಪಿಡಿ, ಅಂದರೆ ಗಾಳಿಯ ದಾರಿ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರು ಬರುವಾಗ ಜೊತೆಗೆ ಮನೆಯವರೂ ಬರುತ್ತಾರೆ. "ನಮಗೂ ಇದೇ ಊಟ ಆಗುತ್ತಲ್ವಾ?" ಅಂತ ಕೇಳುತ್ತಾರೆ. ಆಗಲ್ಲ. ಕಾಯಿಲೆ ಬಾರದಿರಲಿ ಅನ್ನುವವರ ಊಟ ಬೇರೆ, ಬಂದವರದ್ದು ಬೇರೆ.

ಕಾಯಿಲೆ ಇಲ್ಲದವರ ಹತ್ತಿರ ಮೊದಲು ಸಿಗರೇಟಿನ ಮಾತು. "ಹಣ್ಣು ತಿಂತೀನಿ, ಸೇದೋದು ಇರಲಿ ಬಿಡಿ" ಅನ್ನುವವರಿದ್ದಾರೆ. ಆ ಚೌಕಾಸಿ ನಡೆಯಲ್ಲ. ಹಾಗಂತ ಊಟದ ಪಾತ್ರವೇ ಇಲ್ಲ ಅಂತಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 1.2 ಲಕ್ಷ ಜನರ ಊಟವನ್ನು ವರ್ಷಗಟ್ಟಲೆ ಗಮನಿಸಿತ್ತು. ತರಕಾರಿ, ಪಾಲಿಶ್ ಮಾಡದ ಧಾನ್ಯ, ಬಾದಾಮಿಯಂಥ ಬೀಜಗಳು ಜಾಸ್ತಿ. ಸಂಸ್ಕರಿಸಿದ ಮಾಂಸ, ಸಿಹಿ ಪಾನೀಯ ಕಡಿಮೆ. ಹೀಗೆ ತಿಂದವರಲ್ಲಿ ಸಿಒಪಿಡಿ ಬರುವ ಅಪಾಯ ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು, ಸಿಗರೇಟಿನ ಲೆಕ್ಕ ಹಿಡಿದ ಮೇಲೂ. ಇದು ನಂಟು ಮಾತ್ರ, ಗ್ಯಾರಂಟಿ ಅಲ್ಲ.

ಸಾಸೇಜ್, ಬೇಕನ್, ಹ್ಯಾಮ್ ವಾರಕ್ಕೆಷ್ಟು ಸಲ ಅಂತ ತಪ್ಪದೆ ಕೇಳುತ್ತೇನೆ. ಇವು ಕೆಡದಂತೆ ಹಾಕುವ ನೈಟ್ರೈಟ್ ಶ್ವಾಸಕೋಶದ ಅಂಗಾಂಶವನ್ನು ಹಾಳು ಮಾಡಬಹುದು ಅನ್ನುವ ಅನುಮಾನವಿದೆ. ವಿಟಮಿನ್ ಮಾತ್ರೆ ಸಾಕಲ್ವಾ ಅಂದರೆ ಫಿನ್ಲೆಂಡಿನ ಕಥೆ ಹೇಳುತ್ತೇನೆ. ಅಲ್ಲಿ ಸಿಗರೇಟು ಸೇದುವ ಗಂಡಸರಿಗೆ ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟಿನ್‌ನ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ! ಕ್ಯಾರೆಟ್ ತಿನ್ನಿ, ಮಾತ್ರೆ ಬೇಡ.

ಕಾಯಿಲೆ ಬಂದವರಲ್ಲಿ ನಾನು ಮೊದಲು ನೋಡುವುದು ಬೆಲ್ಟು. ಹೊಸದಾಗಿ ಒಳಗೊಂದು ತೂತು ಕೊರೆದಿದ್ದರೆ ತೂಕ ಇಳಿದಿದೆ ಅಂತಲೇ. ಉಸಿರಾಡುವುದೇ ಅವರಿಗೆ ದೊಡ್ಡ ದುಡಿಮೆ, ಅದಕ್ಕೆ ಶಕ್ತಿ ಜಾಸ್ತಿ ಬೇಕು. ಊಟ ಸಾಲದಿದ್ದರೆ ಸ್ನಾಯು ಕರಗುತ್ತದೆ, ಉಸಿರು ಎಳೆಯುವ ಸ್ನಾಯುವೂ ಸೇರಿ. ಇಂಥವರಿಗೆ ಬರೀ ಸೊಪ್ಪು, ಸಲಾಡ್ ಅಂದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗಲ್ಲ. ಮೊಟ್ಟೆ, ಬೇಳೆ, ಮೀನು, ಮೇಲೊಂದಿಷ್ಟು ಎಣ್ಣೆ ಅಥವಾ ಬೆಣ್ಣೆ ಅಂತ ಬರೆಯುತ್ತೇನೆ. ಜೊತೆಗೆ ಬಂದವರು "ಕೊಬ್ಬು ಒಳ್ಳೇದಲ್ಲ ಅಂತಾರಲ್ಲ?" ಅಂತ ಹುಬ್ಬೇರಿಸುತ್ತಾರೆ. ನಿಮಗಲ್ಲ, ಅವರಿಗೆ ಅನ್ನುತ್ತೇನೆ.

ಸಾಧ್ಯವಾದರೆ ನನ್ನೆದುರೇ ತಿನ್ನಲು ಹೇಳುತ್ತೇನೆ. ನುಂಗುವಾಗ ಉಸಿರು ಕ್ಷಣ ನಿಲ್ಲುತ್ತದೆ. ಅಷ್ಟಕ್ಕೇ ಕೆಲವರು ಚಮಚ ಕೆಳಗಿಟ್ಟು, ಮೇಜಿಗೆ ಕೈ ಊರಿ, ಭುಜ ಎತ್ತಿ ಗಾಳಿ ಎಳೆಯುತ್ತಾರೆ. ಹೊಟ್ಟೆ ಬಿರಿಯ ತಿಂದರೆ ವಪೆಗೆ (ಎದೆ-ಹೊಟ್ಟೆಯ ನಡುವೆ ಇರುವ, ಉಸಿರು ಎಳೆಯುವ ಸ್ನಾಯು) ಇಳಿಯಲು ಜಾಗವೇ ಇರಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ನೀರು ಊಟದ ನಡುವೆ ಬೇಡ, ಆಮೇಲೆ. ಆಕ್ಸಿಜನ್ ಇರುವವರು ತಿನ್ನುವಾಗ ಮೂಗಿನ ಕೊಳವೆ ತೆಗೆದಿಡುವುದುಂಟು. ಡಾಕ್ಟರ್ ಬೇಡ ಅನ್ನದಿದ್ದರೆ ಕೊಳವೆ ಮೂಗಿನಲ್ಲೇ ಇರಲಿ.